ಆಚೆ ತುದಿಯ ಹೂಂ

ಕಾರನ್ನು ಹಗ್ಗ ಹಾಕಿ ತೆಂಗಿನ ಮರಕ್ಕೆ ಕಟ್ಟುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಮರವಂತೆಯಲ್ಲಿ ಹೆದ್ದಾರಿ ಬಿಟ್ಟು ಕಡಲ ಕಡೆಗೆ ಇಳಿದರೆ ಸಿಗುವ ಹಳೆಯ ದೋಣಿ ಚಪ್ಪರದಲ್ಲಿ ಅಂಥವನೊಬ್ಬನಿದ್ದ. ಹೆಸರು ಲೀಲಾಧರ. ತಲೆಯಲ್ಲಿ ಕೂದಲು ನರೆಯುವವರೆಗೂ ದೋಣಿಯ ಜೊತೆಗೇ ಬದುಕಿದವನು. ದೋಣಿಗೆ ಬ್ರೇಕಿಲ್ಲ, ಗೇರಿಲ್ಲ. ಕಡಲು ಉಕ್ಕಿ ಬಂದ ದಿನ ನಾಲ್ಕು ಜನ ಸೇರಿ ಎಳೆದರೆ ಅದು ಮೇಲಕ್ಕೆ ಬರಬೇಕು, ಅಷ್ಟೇ ಅವನಿಗೆ ಗೊತ್ತಿದ್ದ ಶಾಸ್ತ್ರ. ಹಾಗಾಗಿ ಮನೆಗೆ ಜೀಪು ಬಂದ ದಿನ ಅದನ್ನೂ ಮೂತಿ ಕಡಲಿಗೆ ಮಾಡಿ, ಗೇರು ತಪ್ಪಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ಬಲೆಯ ಹಗ್ಗದಿಂದ ಮರಕ್ಕೆ ಬಿಗಿದು, ದೊಡ್ಡ ಕೆಲಸ ಮುಗಿಸಿದವನ ಹಾಗೆ ಬೀಡಿ ಹಚ್ಚಿದ್ದ. ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗೆ ಅವರ ನಗು ಅರ್ಥವಾಗಲಿಲ್ಲ.

ಜೀಪು ರತನನದು. ರತನ್ ಅವನ ಅಕ್ಕ ಜಲಜಳ ಮಗ. ಭಾವ ಬೇಗ ತೀರಿಕೊಂಡ ಮೇಲೆ ಅಕ್ಕ ಮೀನಿನ ಬುಟ್ಟಿ ಹೊತ್ತು ಕುಂದಾಪುರದ ಪೇಟೆಗೆ ಹೋದರೆ, ರತನನನ್ನೂ ಅವನ ತಂಗಿ ಚಂದನಾಳನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವನು ಈ ಸೋದರಮಾವ. ಮದುವೆಯ ಮಾತು ಬಂದಾಗಲೆಲ್ಲ ಕಡಲ ಕಡೆಗೆ ಮುಖ ತಿರುಗಿಸಿ, ತಿರುಗಿಸಿ, ಕೊನೆಗೆ ಕೇಳುವವರೂ ಕೇಳುವುದನ್ನು ಬಿಟ್ಟರು. ಅವನಿಗೆ ಅದರ ಬೇಸರವಿರಲಿಲ್ಲ. ರತನ್ ಇದ್ದನಲ್ಲ.

ರತನ್ ನಸುಕಿಗೆ ಕಡಲಿಗೆ ಹೋಗುತ್ತಿದ್ದ, ಸಂಜೆಗೆ ಫೋಟೋ ಕೆಲಸ. ಮದುವೆಗೆ ಮುಂಚೆ ಗಂಡು ಹೆಣ್ಣು ತೆರೆದ ಜೀಪಿನಲ್ಲಿ ನಿಂತು, ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ, ನಡುವೆ ತಾವು ಎಂದು ಫೋಟೋ ತೆಗೆಸಿಕೊಳ್ಳುವುದು ಈಗಿನ ಹೊಸ ಸಂಪ್ರದಾಯ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲರಿಗೂ ಮರವಂತೆಯೇ ಬೇಕು. ಜೀಪು ರತನನದು, ಕ್ಯಾಮೆರಾ ಚಂದನಾಳದು. ಜೀಪಿನ ಮಾಡು, ಅಂದರೆ ಮೇಲಿನ ಚಾವಣಿ, ಬಿಚ್ಚಿ ಇಡುವಂಥದ್ದು. ಗಟ್ಟಿ ಫೈಬರಿನದು, ಹಿಂದೆ ಮತ್ತು ಇಕ್ಕೆಲಗಳಲ್ಲಿ ಗಾಜು. ಫೋಟೋಗೆ ಬಿಚ್ಚಬೇಕು, ಮಳೆ ಬಂದರೆ ಹಾಕಬೇಕು. ಅದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಮುಂದೆ ಒಬ್ಬ, ಹಿಂದೆ ಒಬ್ಬ. ಮುಂದಿನವನು ಮಾವ, ಹಿಂದಿನವನು ಅಳಿಯ.

ರತನ್ ಮಾವನಿಗೆ ತಾಳ್ಮೆಯಿಂದ ಎಲ್ಲ ಕಲಿಸಿದ್ದ. ಗಾಡಿಯನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಬಾರದು, ಮಾಡು ಬಿಚ್ಚಿದಾಗಂತೂ ಬೇಡವೇ ಬೇಡ, ಒಂದು ಕಾಯಿ ಬಿದ್ದರೆ ಮುಗಿಯಿತು. ಇಳಿಜಾರಿನಲ್ಲಿ ಬೇಡ, ಗಾಲಿ ಹೂತುಹೋಗುವ ಹೊಯಿಗೆ ಮರಳಿನಲ್ಲಿ ಬೇಡ. ಹ್ಯಾಂಡ್‌ಬ್ರೇಕ್ ಎಳೆಯಬೇಕು, ಗಾಲಿಗೆ ಕಲ್ಲು ಕೊಡಬೇಕು. ಮಾಡು ಎತ್ತುವ ಮುಂಚೆ ಹಿಂದಿನ ಗಾಜಿನ ಬಾಗಿಲು ತೆರೆಯಬೇಕು, ಇಲ್ಲವಾದರೆ ಗಾಜು ಬಿರಿಯುತ್ತದೆ. ಬಿಚ್ಚಿದ ಬೋಲ್ಟುಗಳು ತೆಂಗಿನ ಗೆರಟೆಯಲ್ಲಿ. ಇಳಿಸಿದ ಮಾಡು ನೆಲದ ಮೇಲಲ್ಲ, ಹಳೆಯ ಟಯರುಗಳ ಮೇಲೆ ಗೋಣಿ ಹಾಸಿ. ಲೀಲಾಧರ ಎಲ್ಲದಕ್ಕೂ ತಲೆಯಾಡಿಸಿ, ಮರುದಿನ ಮತ್ತೆ ಹಗ್ಗ ಕಟ್ಟುತ್ತಿದ್ದ.

"ಮಾವ, ಇದ್ ದೋಣಿ ಅಲ್ಲ," ಎನ್ನುತ್ತಿದ್ದ ರತನ್. "ಗೇರ್ ಹಾಕಿ ಇಟ್ರೆ ಎಲ್ಲಿಗೂ ಹೋತಿಲ್ಲೆ."

ಒಂದು ವಿಷಯದಲ್ಲಿ ಮಾತ್ರ ಮಾವನೇ ಗುರು. ದೋಣಿ ಎತ್ತುವಾಗ ಒಂದು ತುದಿಯವನು "ಎತ್ವಾ?" ಎಂದು ಕೇಳಬೇಕು, ಆಚೆ ತುದಿಯವನು "ಹೂಂ" ಎನ್ನಬೇಕು. ಹೂಂ ಬರುವ ತನಕ ಯಾರೂ ಎತ್ತುವಂತಿಲ್ಲ. ಪ್ರಾಯದಲ್ಲಿ ಯಾರೋ ಕೇಳದೆ ಎತ್ತಿ, ದೋಣಿ ವಾಲಿ, ಲೀಲಾಧರನ ಎಡಗಾಲಿನ ಎರಡು ಬೆರಳು ಜಜ್ಜಿಹೋಗಿದ್ದವು. ಜೀಪಿನ ಮಾಡಿಗೂ ಅದೇ ಕಟ್ಟಳೆ ಬಂತು. ಉಪ್ಪುಗಾಳಿಗೆ ಗಾಜು ಮಬ್ಬಾಗಿ ಆಚೆಯವನ ಮುಖವೇ ಕಾಣದಿದ್ದ ಮೇಲೆ ಕಟ್ಟಳೆ ಸರಿಯೂ ಆಗಿತ್ತು. ಮಾವ ಕೇಳುತ್ತಿದ್ದ, ಗಾಜಿನ ಆಚೆಯಿಂದ ಮೂಗಿನಲ್ಲೇ ಹೊರಡುವ ಒಂದು ಗಿಡ್ಡ ಹೂಂ ಬರುತ್ತಿತ್ತು, ಮಾಡು ಏಳುತ್ತಿತ್ತು.

ಹೋದ ವರ್ಷ ಮಳೆಗಾಲ ಇನ್ನೇನು ಮುಗಿಯಿತು ಎನ್ನುವಾಗ, ಒಂದು ನಸುಕಿಗೆ ಇಬ್ಬರೂ ಸೇರಿ ಮಾಡು ಇಳಿಸಿದರು. ಸಂಜೆಗೆ ಬ್ರಹ್ಮಾವರದ ಜೋಡಿಯೊಂದು ಬರುವುದಿತ್ತು. ರತನ್ ದೋಣಿಯ ಕಡೆಗೆ ಹೊರಟಾಗ ಪಡುವಣ ಕಪ್ಪಿಟ್ಟಿತ್ತು. ಮಳೆ ಬಂದೀತು, ಮಾಡು ಹಾಕಿಯೇ ಹೋಗೋಣವೇ ಎಂದು ಲೀಲಾಧರ ಕೂಗಿ ಕೇಳಿದ. ರತನ್ ಆಗಲೇ ನೀರಿಗಿಳಿದಿದ್ದ.

"ಬಂದ್ಕಂಡ್ ಹಾಕ್ವ ಮಾವ, ನೀವ್ ಒಬ್ರೇ ಮುಟ್ಬೇಡಿ."

ನದಿ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು. ರತನ್ ಸಿಗಲಿಲ್ಲ. ಊರಿಗೆ ಊರೇ ಹುಡುಕಿತು. ಕಡಲು ತೆಗೆದುಕೊಂಡದ್ದನ್ನು ಕೊನೆಗೊಮ್ಮೆ ಎಲ್ಲಾದರೂ ತಂದು ಹಾಕುತ್ತದೆ ಎಂಬ ನಂಬಿಕೆಯಲ್ಲಿ ಕಿರಿಮಂಜೇಶ್ವರದಾಚೆಯವರೆಗೂ ದಡ ನೋಡಿದರು. ಈ ಸಲ ತಂದು ಹಾಕಲಿಲ್ಲ. ದರ್ಭೆಯಲ್ಲಿ ಅವನ ಆಳಿನ ಬೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸಿದರು. ಲೀಲಾಧರ ಅಲ್ಲಿಗೆ ಹೋಗಲಿಲ್ಲ. ಚಪ್ಪರದಲ್ಲಿ ಜೀಪಿನ ಪಕ್ಕ ಕುಳಿತಿದ್ದ.

ಅಂದಿನಿಂದ ಮಾಡು ಟಯರುಗಳ ಮೇಲೆಯೇ ಉಳಿಯಿತು. ಬಂದು ಹಾಕೋಣ ಎಂದಿದ್ದಾನೆ, ಬರಲಿ. ಲೀಲಾಧರ ಗಾಡಿಯ ಗೇರು ತಪ್ಪಿಸಿದ, ಮೂತಿ ಕಡಲಿಗೇ ಇಟ್ಟ, ಹಗ್ಗವನ್ನು ಎರಡು ಸುತ್ತು ಹೆಚ್ಚು ಬಿಗಿದ. ಪ್ರತಿ ಮುಸ್ಸಂಜೆ ಮಾಡಿನ ಮುಂದಿನ ತುದಿಗೆ ಕೈ ಹಾಕಿ, ಬಗ್ಗಿ, "ಎತ್ವಾ?" ಎಂದು ಕೇಳುತ್ತಿದ್ದ. ಕಿವಿ ಕೊಟ್ಟು ಕಾಯುತ್ತಿದ್ದ. ಅಲೆಯ ಸದ್ದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹೂಂ ಬರದ ಮೇಲೆ ಎತ್ತುವಂತಿಲ್ಲ, ಕಟ್ಟಳೆ ಕಟ್ಟಳೆಯೇ. ಕೈ ತೆಗೆದು ಮನೆಗೆ ನಡೆಯುತ್ತಿದ್ದ.

ಪಕ್ಕದ ಚಪ್ಪರದ ಪದ್ದು ಇದನ್ನು ಕಂಡು ಊರಿಗೆಲ್ಲ ಹೇಳಿದ. ಲೀಲಾಧರ ಹೇಳದೆ ಉಳಿಸಿಕೊಂಡ ಇನ್ನೊಂದು ಸಂಗತಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೆಲವು ಬೆಳಿಗ್ಗೆ ಜೀಪಿಗೆ ಹೊದಿಸಿದ್ದ ಟರ್ಪಾಲು ಸರಿಸಿದರೆ ಚಾಲಕನ ಸೀಟು ಒದ್ದೆಯಾಗಿರುತ್ತಿತ್ತು. ಪಕ್ಕದ ಸೀಟು ಒಣಗಿಯೇ ಇರುತ್ತಿತ್ತು. ಕ್ಲಚ್ಚಿನ ಬುಡದಲ್ಲಿ ಒಂದಿಷ್ಟು ಹಸಿ ಹೊಯಿಗೆ. ಟರ್ಪಾಲು ತೂತಾಗಿರಬಹುದೆಂದು ಬಿಸಿಲಿಗೆ ಹಿಡಿದು ನೋಡಿದ, ತೂತಿರಲಿಲ್ಲ. ಅವನಿಗೆ ಹೆದರಿಕೆಯಾಗಲಿಲ್ಲ. ಸಿಟ್ಟು ಬಂತು. ಇಷ್ಟು ಹತ್ತಿರ ಬಂದು ಕೂರುವವನಿಗೆ ಒಂದು ಹೂಂ ಅನ್ನಲಿಕ್ಕೆ ಏನು ರೋಗ ಎಂದು ಸೀಟಿಗೇ ಬೈದ. ಬೈದ ಮೇಲೆ ಮುಂಡಾಸಿನಿಂದ ಅದನ್ನು ಒರೆಸುತ್ತ ಅತ್ತ.

ಚಂದನಾ ಬಾಯಿ ಜೋರಿನ ಹುಡುಗಿ. ವಾರಕ್ಕೊಮ್ಮೆ ಬಂದು ಎಂಜಿನ್ ಚಾಲೂ ಮಾಡಿ ಹೋಗುತ್ತಿದ್ದಳು. ಅವಳಿಗೆ ಗಾಡಿ ಓಡಿಸಲು ಕಲಿಸಿದವನೂ ಅಣ್ಣನೇ. ಬೇಸಗೆಯಲ್ಲಿ ಕಿರಿಮಂಜೇಶ್ವರದ ಅಮಿತಾ ಎಂಬ ಹುಡುಗಿ ತನ್ನ ಮದುವೆಗೆ ಮುಂಚೆ ಇದೇ ಜೀಪಿನಲ್ಲಿ ಫೋಟೋ ಬೇಕೆಂದು ಕೇಳಿದಾಗ ಚಂದನಾ ಒಪ್ಪಿಕೊಂಡು ಬಂದಳು. ಮಾಡಿಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವುದು ಹೇಗೆ, ಮಳೆಯೊಂದು ಬಂದರೆ ಏನು ಗತಿ? ಒಂದು ಬದಿ ತಾನು ಹಿಡಿಯುವುದಾಗಿ ಹೇಳಿದಳು.

"ಅಣ್ಣನ್ ಗಾಡಿ ಉಪ್ಪ್ ತಿಂದ್ ಹಾಳಾತಾ ಇತ್ತ್. ಹೂಂ ಅಂಬುಕ್ ಒಬ್ರ್ ಬೇಕ್ ಅಲ್ದಾ? ನಾನೇ ಹೂಂ ಅಂತೆ."

"ನೀ ಹೂಂ ಅಂದ್ರೆ ಅವ ಇಲ್ಲ ಅಂದಾಂಗ್ ಆತ್ತ್," ಎಂದ ಲೀಲಾಧರ.

ಬಾಯಿ ಜೋರಿನ ಹುಡುಗಿ ಅಂದೇ ಅಮಿತಾಳಿಗೆ ಆಗುವುದಿಲ್ಲವೆಂದು ಹೇಳಿ ಕಳಿಸಿದಳು. ರಾತ್ರಿ ಊಟಕ್ಕೆ ಕುಳಿತಾಗ ಜಲಜ ತಮ್ಮನ ಬಟ್ಟಲಿಗೆ ಮೀನಿನ ಸಾರು ಬಡಿಸುತ್ತ, ಅವನ ಮುಖ ನೋಡದೆ, "ಹೆತ್ತವಳ್ ನಾನೇ ಬಿಟ್ಟೆ. ನೀ ಎಂತಕ್ ಹಿಡ್ಕಂಡಿದ್ದೆ?" ಎಂದಳು. ಅವನು ಉಣ್ಣದೆ ಕೈ ತೊಳೆದ.

ಜೂನ್ ತಿಂಗಳಲ್ಲಿ ಕಡಲು ಎದ್ದಿತು. ಮರವಂತೆಯವರಿಗೆ ಕಡಲ್ಕೊರೆತ ಹೊಸತಲ್ಲ, ಪ್ರತಿ ಮಳೆಗಾಲಕ್ಕೂ ಒಂದಿಷ್ಟು ತೆಂಗು, ಒಂದಿಷ್ಟು ನೆಲ ಕೊಟ್ಟೇ ಕೊಟ್ಟಿದ್ದಾರೆ. ಈ ಸಲ ಮಧ್ಯಾಹ್ನದ ಹೊತ್ತಿಗೆ ಅಲೆಗಳು ದಡಕ್ಕೆ ಪೇರಿಸಿದ ಬಂಡೆಗಳನ್ನು ಹಾರಿ ಚಪ್ಪರಗಳ ಒಳಗೆ ಬಂದವು. ಪದ್ದು ಮತ್ತು ಉಳಿದವರು ದೋಣಿಗಳನ್ನು ಹೆದ್ದಾರಿಯ ಕಡೆಗೆ ಎಳೆಯುತ್ತಿದ್ದರು. ಅವರಿಗೆ ಬಿಡುವಿರಲಿಲ್ಲ. ಲೀಲಾಧರನ ಚಪ್ಪರದ ಪಡುಬದಿಯ ಕಂಬ ಬುಡದಿಂದಲೇ ಅಲುಗುತ್ತಿತ್ತು. ಗೇರು ತಪ್ಪಿಸಿದ್ದ ಜೀಪು ನೀರು ಬಂದಾಗ ಹಿಂದಕ್ಕೆ ಸರಿದು, ನೀರು ಇಳಿದಾಗ ಕಡಲ ಕಡೆಗೆ ಜಾರಿ, ಹಗ್ಗ ಬಿಗಿದು ನಿಲ್ಲುತ್ತಿತ್ತು. ಯಾರೋ ಅದನ್ನು ಕಡಲಿನಿಂದ ಎಳೆಯುತ್ತಿದ್ದಾರೆ ಎಂದೇ ಅವನಿಗೆ ಅನ್ನಿಸಿತು.

ಚಂದನಾ ಓಡಿ ಬಂದಳು. ಜೀಪನ್ನು ತೆಗೆಯುವುದೇನೋ ಸುಲಭ, ಮಾಡನ್ನು ಏನು ಮಾಡುವುದು? ಆ ಗಾಳಿಯಲ್ಲಿ ಹೊತ್ತು ನಡೆದರೆ ಹಾಯಿಯಂತೆ ಹಾರಿಸಿಕೊಂಡು ಹೋಗುತ್ತದೆ. ಬಿಟ್ಟು ಹೋದರೆ ಮುಂದಿನ ಅಲೆಗೆ ಕಡಲ ಪಾಲು. ಉಳಿಸಬೇಕಾದರೆ ಒಂದೇ ದಾರಿ, ಇಲ್ಲೇ ಜೀಪಿನ ಮೇಲೆ ಏರಿಸಿ, ಬೋಲ್ಟು ಬಿಗಿದು ಓಡಿಸಬೇಕು. ಅವಳು ಜೀಪಿನ ಟರ್ಪಾಲು ಕಿತ್ತೆಸೆದು ಮಾಡಿನ ಹಿಂದಿನ ತುದಿಗೆ ಹೋಗಿ ನಿಂತಳು. ಹಿಂದಿನ ಗಾಜು ಪೂರ್ತಿ ಮಬ್ಬಾಗಿತ್ತು. ಅವಳು ಅವನಿಗೆ ಕಾಣಲಿಲ್ಲ.

ಲೀಲಾಧರ ಮುಂದಿನ ತುದಿಗೆ ಕೈ ಹಾಕಿದ. ಬಾಯಿ ಅಭ್ಯಾಸದಿಂದ ತಾನೇ ಕೇಳಿತು, "ಎತ್ವಾ?" ಆಚೆಯಿಂದ ಸದ್ದಿಲ್ಲ. ನೀರು ಮೊಣಕಾಲಿಗೆ ಬಂತು. ಟಯರುಗಳು ತೇಲತೊಡಗಿದವು, ಮಾಡಿನ ಒಂದು ಮೂಲೆ ಬಾಗಿತು. ಕಂಬ ಲಟಕ್ಕೆಂದಿತು. ಎತ್ತಿಬಿಡು ಎಂದು ಕೈ ಹೇಳಿದರೂ ಜಜ್ಜಿದ ಬೆರಳು ಒಪ್ಪಲಿಲ್ಲ. ಇನ್ನೊಮ್ಮೆ ಕೇಳಿದ, ಈ ಸಲ ಧ್ವನಿ ಒಡೆದು ಬಂತು. ಆಗ ಗಾಜಿನ ಆಚೆಯಿಂದ, ಆ ಅಲೆಯ ಅಬ್ಬರದಲ್ಲೂ ಕಿವಿಯ ಹತ್ತಿರವೇ ಹೇಳಿದಷ್ಟು ಸ್ಪಷ್ಟವಾಗಿ, ಗಿಡ್ಡದೊಂದು ಹೂಂ ಬಂತು.

ಹುಡುಗಿ ಅಂದೇಬಿಟ್ಟಳು. ಮುಗಿಯಿತು, ರತನ್ ಇನ್ನಿಲ್ಲ. ಆದರೂ ಹೂಂ ಬಂದ ಮೇಲೆ ಎತ್ತಲೇಬೇಕು. ಎತ್ತಿದ. ಮಾಡು ಹಗುರಾಗಿ ಎದ್ದು ತನ್ನ ಜಾಗದಲ್ಲಿ ಕೂತಿತು. ಚಂದನಾ ಗೆರಟೆಯಿಂದ ಬೋಲ್ಟು ತೆಗೆದು ಬಿಗಿದಳು. ನೆನೆದು ಉಬ್ಬಿದ ಗಂಟು ಬಿಚ್ಚಲಾಗದೆ ಲೀಲಾಧರ ಮೀನಿನ ಕತ್ತಿಯಿಂದ ಹಗ್ಗ ಕೊಯ್ದ. ಜೀಪು ನೀರು ಚಿಮ್ಮಿಸಿಕೊಂಡು ದಡ ಹತ್ತಿ ಹೆದ್ದಾರಿ ದಾಟಿತು. ಹಿಂದೆ ಚಪ್ಪರ ಮಗ್ಗುಲಾಗಿ ಮಲಗುವುದನ್ನು ಅವರಿಬ್ಬರೂ ಕನ್ನಡಿಯಲ್ಲಿ ಕಂಡರು.

ನದಿಯ ಬದಿಯ ಗಟ್ಟಿ ನೆಲದಲ್ಲಿ, ಯಾವ ತೆಂಗಿನ ನೆರಳೂ ಇಲ್ಲದ ಕಡೆ ಚಂದನಾ ಜೀಪು ನಿಲ್ಲಿಸಿದಳು. ಮೂತಿ ಪೂರ್ವಕ್ಕಿತ್ತು. ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು, ಒಳಗೆ ಹನಿ ನೀರಿರಲಿಲ್ಲ. ಅವಳು ಎಂಜಿನ್ ಆರಿಸಿ ಮಾವನ ಕಡೆಗೆ ತಿರುಗಿದಳು.

"ಮಾವ, ನೀವ್ ಎಂತಕ್ ಎತ್ತದ್ದ್?" ಎಂದಳು. "ನಾ ಹೂಂ ಅಂದಿರ್ಲಿಲ್ಲೆ. ನೀವ್ ಅವತ್ತ್ ಹೇಳದ್ದ್ ನೆನ್ಪಾಯಿ ಬಾಯೇ ಬರ್ಲಿಲ್ಲೆ. ಎರಡ್ ಸಲ ಕೇಂಡ್ರಿ, ಎರಡ್ ಸಲವೂ ನಾ ಸುಮ್ನೇ ಇದ್ದೆ."

ಲೀಲಾಧರ ತಿರುಗಿ ಹಿಂದಿನ ಗಾಜು ನೋಡಿದ. ಅದರ ಉಪ್ಪನ್ನು ಮಳೆ ತೊಳೆದಿತ್ತು. ಆಚೆಗೆ ರಸ್ತೆ ಕಂಡಿತು, ರಸ್ತೆಯಾಚೆ ಕಡಲು, ನಡುವೆ ಯಾರೂ ಇರಲಿಲ್ಲ. ಎಷ್ಟೋ ತಿಂಗಳಿಂದ ಒಂದು ಮಾತಿಗಾಗಿ ಕಾದಿದ್ದ, ಆ ಮಾತು ಬಂದದ್ದು ಬರುವೆನೆಂದು ಹೇಳಲಿಕ್ಕಲ್ಲ.

"ಅವ ಅಂದ," ಎಂದ.

ಚಂದನಾ ಮುಖ ಮುಚ್ಚಿಕೊಂಡು ಅತ್ತಳು. ಅವನು ಅವಳ ತಲೆ ನೇವರಿಸಿ ಕೆಳಗಿಳಿದ. ಮಳೆಯಲ್ಲೇ ಕಲ್ಲೊಂದು ಹುಡುಕಿ ತಂದು ಹಿಂದಿನ ಗಾಲಿಗೆ ಒತ್ತಿ ಕೊಟ್ಟ. ಒಳಗೆ ಕೈ ಹಾಕಿ ಹ್ಯಾಂಡ್‌ಬ್ರೇಕ್ ಎಳೆದದ್ದು ಸರಿಯಿದೆಯೇ ನೋಡಿದ, ಗೇರು ತಾನೇ ಹಾಕಿದ. ಅಷ್ಟರಲ್ಲಿ ಪದ್ದು ರಸ್ತೆ ದಾಟಿ ಬಂದು, ಮಾರಾಯ, ಕಡಲು ಇನ್ನೂ ಇಳಿದಿಲ್ಲ, ಕಟ್ಟಿ ಹಾಕು ಎಂದು ತನ್ನ ದೋಣಿಯ ಹಗ್ಗ ಚಾಚಿದ. ಲೀಲಾಧರ ಅದನ್ನು ಸುತ್ತಿ ಅವನ ಕೈಗೇ ವಾಪಸು ಕೊಟ್ಟ.

"ಬೇಡ ಪದ್ದು. ಗೇರ್ ಹಾಕಿದ್ದೆ, ಎಲ್ಲಿಗೂ ಹೋತಿಲ್ಲೆ."