ಬಿಸಿನೀರಕ್ಕ ಹೊರಗೆ ಕೂತ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಮೇಲ್ಮಹಡಿಯ ಕಾರಿಡಾರಿನಲ್ಲಿ ಒರೆಸಿದ ನೆಲ ಆರಿಲ್ಲ. ಆಪರೇಷನ್ ಥಿಯೇಟರಿನ ಪಕ್ಕದ ಕಿರುಕೋಣೆಯಲ್ಲಿ ಹಸಿರು ಬಟ್ಟೆ ತೊಟ್ಟ ಹೆಂಗಸೊಬ್ಬರು ಸಲೈನ್ ಬಾಟಲಿಗಳನ್ನು ಬೆಚ್ಚಗಿಡುವ ಬೀರುವಿನ ಬಾಗಿಲು ತೆರೆಯುತ್ತಾರೆ. ಒಂದು ಬಾಟಲಿ ಎತ್ತಿ ಮುಂಗೈಯ ಒಳಬದಿಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಾರೆ. ಏನೋ ಸರಿಬರಲಿಲ್ಲ. ಅದನ್ನು ಒಳಗಿಟ್ಟು ಇನ್ನೊಂದನ್ನು ತೆಗೆಯುತ್ತಾರೆ. ಈ ಬಾರಿ ಮುಖ ಸಡಿಲವಾಗುತ್ತದೆ. ಬಾಟಲಿಗೆ ಹೇಳುತ್ತಾರೋ ತಮಗೇ ಹೇಳಿಕೊಳ್ಳುತ್ತಾರೋ, "ಹ್ಞೂಂ, ನೀನಾಗ್ತೀಯ" ಅನ್ನುತ್ತಾರೆ.

ಆಮೇಲೆ ಎಲ್ಲವೂ ಚಕಚಕನೆ ನಡೆಯುತ್ತದೆ. ಕೈತೊಳೆದು ಗ್ಲೌಸ್ ಹಾಕಿಕೊಳ್ಳುತ್ತಾರೆ. ಕ್ರಿಮಿ ಇಲ್ಲದಂತೆ ಶುದ್ಧ ಮಾಡಿದ ಸ್ಟೀಲ್ ಬಟ್ಟಲಿಗೆ ಬೆಚ್ಚಗಿನ ಸಲೈನ್ ಹೊಯ್ಯುತ್ತಾರೆ. ಪೊಟ್ಟಣ ಹರಿದು ತೆಗೆದ ಉಸಿರಾಟದ ನಳಿಗೆಯನ್ನು ಅದರೊಳಗೆ ಮುಳುಗಿಸುತ್ತಾರೆ. ಒಳಗೆ ಮೇಜಿನ ಮೇಲೆ ಮಲಗಿರುವುದು ಸಾರುವೆಯಿಂದ ಬಿದ್ದು ದವಡೆ ಮುರಿದುಕೊಂಡ ಗಾರೆ ಕೆಲಸದ ಮನುಷ್ಯ. ಅರಿವಳಿಕೆ ಕೊಡುವ ಡಾಕ್ಟರಮ್ಮ ತಲೆ ಎತ್ತದೆಯೇ ಕೈ ಚಾಚುತ್ತಾರೆ. ಚಾಚಿದ ಕೈಗೆ ನಳಿಗೆ ಬಂದು ಕೂರುತ್ತದೆ, ಅಲ್ಲಿಂದ ಮೂಗಿನ ಹೊಳ್ಳೆಯೊಳಗೆ ಮೆಲ್ಲಗೆ ಇಳಿಯುತ್ತದೆ. "ರಕ್ತ ಇಲ್ಲ" ಅನ್ನುತ್ತಾರೆ ಡಾಕ್ಟರಮ್ಮ. ಬಟ್ಟಲು ಹಿಡಿದು ನಿಂತವರಿಗೆ ಸಿಗುವ ಶಹಭಾಸ್‌ಗಿರಿ ಇಷ್ಟೇ.

ಇವರನ್ನು ಇಡೀ ಥಿಯೇಟರ್ ಕರೆಯುವುದು ಬಿಸಿನೀರಕ್ಕ ಎಂದು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದ್ದೀತು, ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದು ಅನುಮಾನ.

ದವಡೆ, ಹಲ್ಲು, ನಾಲಿಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಬಾಯಿ ಪೂರ್ತಿಯಾಗಿ ಸರ್ಜನ್ನರಿಗೆ ಬಿಟ್ಟುಕೊಡಬೇಕು. ಹಾಗಾಗಿ ಉಸಿರಿನ ನಳಿಗೆ ಮೂಗಿನಿಂದ ಹೋಗಬೇಕು. ಮೂಗಿನ ಒಳಪದರವೋ ಬಹಳ ನಾಜೂಕು. ಪೊಟ್ಟಣದಿಂದ ಹಾಗೇ ತೆಗೆದ ನಳಿಗೆ ಗಡುಸಾಗಿರುತ್ತದೆ, ಗೀಚುತ್ತದೆ, ರಕ್ತ ಬರಿಸುತ್ತದೆ. ಬೆಚ್ಚಗಿನ ಸಲೈನಿನಲ್ಲಿ ಸ್ವಲ್ಪ ಹೊತ್ತು ನೆನೆದರೆ ಮೆತ್ತಗಾಗಿ, ದಾರಿ ಹೇಗೆ ತಿರುಗುತ್ತದೋ ಹಾಗೆ ತಾನೂ ತಿರುಗುತ್ತದೆ. ಕೆಲಸ ಇಷ್ಟೇ. ಆದರೆ ನೀರು ತಣ್ಣಗಿದ್ದರೆ ಪ್ರಯೋಜನವಿಲ್ಲ, ತೀರಾ ಬಿಸಿಯಾದರೆ ಅಪಾಯ.

"ಇದನ್ನ ಕಲಿಸಿದ್ದು ಡಾಕ್ಟರಮ್ಮ. ವಿದ್ಯೆ ಅವರದು, ಕಾಯಿಸೋದು ಮಾತ್ರ ನಂದು" ಎನ್ನುತ್ತಾರೆ ಅಕ್ಕ. ದಿನಕ್ಕೆ ಇಂಥವು ಮೂರೋ ನಾಲ್ಕೋ ಬರುತ್ತವೆ. ಉಳಿದ ಹೊತ್ತೆಲ್ಲ ಯಂತ್ರಗಳನ್ನು ಒರೆಸುವುದು, ಪೈಪುಗಳನ್ನು ಜೋಡಿಸುವುದು, ಸಿಲಿಂಡರುಗಳನ್ನು ನೋಡಿಕೊಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಕಾಲುಗಳು ಮಾತಾಡುವುದಕ್ಕೆ ಶುರುಮಾಡುತ್ತವಂತೆ. ತೊಳೆದೂ ತೊಳೆದೂ ಅಂಗೈ ಬಿರುಕು ಬಿಟ್ಟಿದೆ. ರೋಗಿಗಳಿಗೆ ಇವರ ಮುಖ ಗೊತ್ತಿಲ್ಲ. ಒಳಗೆ ಬರುವಾಗ ಹೆದರಿಕೆ, ಹೋಗುವಾಗ ಮಂಪರು, ಇನ್ನು ಗೊತ್ತಾಗುವುದೆಲ್ಲಿ? ಬೇಸರವಿಲ್ಲವೇ ಎಂದು ಕೇಳಿದರೆ ನಗುತ್ತಾರೆ. "ಎಚ್ಚರ ಆದ್ಮೇಲೆ ಯಾರೂ ಮೂಗು ಮುಟ್ಟಿ ನೋಡ್ಕೋಬಾರದು. ಅಲ್ಲೇನೋ ಆಗಿತ್ತು ಅಂತ ನೆನಪೇ ಇರಬಾರದು. ನನಗೆ ಅಷ್ಟಾದ್ರೆ ಸಾಕು."

ಇದೇ ಆಸ್ಪತ್ರೆಗೆ ಇವರು ಬಂದದ್ದು ನೆಲ ಒರೆಸುವುದಕ್ಕೆ. ಮಗಳಿನ್ನೂ ತೊಟ್ಟಿಲಲ್ಲಿದ್ದಳು. ಶಾಲಾ ವ್ಯಾನ್ ಓಡಿಸುವ ಗಂಡನ ದುಡಿಮೆ ಸಾಲುತ್ತಿರಲಿಲ್ಲ. ಒರೆಸುತ್ತ ಒರೆಸುತ್ತ ಥಿಯೇಟರಿನ ಬಾಗಿಲವರೆಗೆ ಬಂದು, ಆಮೇಲೆ ಉಪಕರಣ ತೊಳೆಯುವ ಕೆಲಸಕ್ಕೆ ಒಳಗೆ ಹೋಗಿ, ಕೊನೆಗೆ ಸಂಜೆ ತರಗತಿಯಲ್ಲಿ ಕೂತು ಟೆಕ್ನಿಷಿಯನ್ ಪರೀಕ್ಷೆ ಪಾಸು ಮಾಡಿದರು. ಆ ಸಂಜೆಗಳಲ್ಲೆಲ್ಲ ಮಗುವನ್ನು ನೋಡಿಕೊಂಡದ್ದು ಅತ್ತೆ.

ಅತ್ತೆಯ ವಿಷಯ ಸ್ವಲ್ಪ ಹೇಳಲೇಬೇಕು. ಆಕೆ ಬಾಯಿ ತೆರೆದರೆ ಓಣಿಯ ಆ ತುದಿಗೆ ಕೇಳುತ್ತದೆ, ತೆರೆದ ಬಾಯಿ ಬೇಗ ಮುಚ್ಚುವುದೂ ಇಲ್ಲ. ಸೊಸೆ ಓದುವ ಕಾಲದಲ್ಲಿ ದಿನವೂ ಗೊಣಗಿದರು, ಆದರೆ ಒಂದು ದಿನವೂ ತರಗತಿ ತಪ್ಪಿಸಲು ಬಿಡಲಿಲ್ಲ. ಮಗುವಿಗೆ ಜ್ವರ ಬಂದ ಸಂಜೆಯೂ ಕೈಯಿಂದ ಮಗುವನ್ನು ಕಿತ್ತುಕೊಂಡು, ಬಸ್ಸು ತಪ್ಪುತ್ತೆ ನಡಿ ಎಂದು ಗದರಿಸಿ ಕಳಿಸಿದವರು. ಸೊಸೆಗೆ ಆಸ್ಪತ್ರೆಯಲ್ಲಿ ಏನು ಕೆಲಸ ಎಂದು ಪಕ್ಕದ ಮನೆಯವರು ಕೇಳಿದರೆ ಮಾತ್ರ ಅವರ ಉತ್ತರ ಒಂದೇ: "ನೀರು ಕಾಯಿಸ್ತಾಳೆ. ಮನೇಲಿ ಕಾಯಿಸಿದ್ದು ಸಾಲದು ಅಂತ ಅಲ್ಲಿಗೂ ಹೋಗ್ತಾಳೆ."

ಈ ಲೇಖನಕ್ಕೆಂದು ನಾನು ಆಸ್ಪತ್ರೆಗೆ ಎಡತಾಕುತ್ತಿದ್ದ ವಾರವೇ ಅತ್ತೆ ಬಚ್ಚಲಲ್ಲಿ ಜಾರಿ ಬೀಳುತ್ತಾರೆ. ಗದ್ದ ನಲ್ಲಿಗೆ ಬಡಿದು ದವಡೆ ಎರಡು ಕಡೆ ಮುರಿದಿದೆ. ಮೂಳೆ ಕೂಡಿಸಿ, ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಕಟ್ಟಬೇಕು. ಇಷ್ಟೇ ಆಗಿದ್ದರೆ ಯೋಚನೆಯಿರಲಿಲ್ಲ. ಆದರೆ ಅತ್ತೆ ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು. ಮಾತ್ರೆ ನಿಲ್ಲಿಸಿ ಕೆಲವು ದಿನ ಕಾದರೂ ಡಾಕ್ಟರಮ್ಮನಿಗೆ ಪೂರ್ತಿ ಧೈರ್ಯವಿಲ್ಲ. ಮೂಗಿನ ದಾರಿಯೂ ಕಿರಿದಾಗಿದೆಯಂತೆ. ನಳಿಗೆ ಒಂದಿಷ್ಟು ಗೀಚಿದರೂ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ, ಅದು ಗಂಟಲಿಗೆ ಇಳಿದರೆ ಉಸಿರಿಗೇ ಕುತ್ತು.

ಅತ್ತೆಗೆ ಇದನ್ನೆಲ್ಲ ಹೇಳಿದಾಗ ಅವರು ಒಂದೇ ಪಟ್ಟು ಹಿಡಿಯುತ್ತಾರೆ. ಸೊಸೆಯೇ ಒಳಗಿರಬೇಕು, ಸೊಸೆಯ ಕೈಯಲ್ಲೇ ಆಗಬೇಕು. ಸೊಸೆ ತಾನು ಒಳಗೆ ಬರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳುತ್ತಾರೆ. ವಾರ್ಡಿನಲ್ಲಿ ಮಂಚದ ಪಕ್ಕ ನಿಂತಿದ್ದ ನನಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ.

ಮುರಿದ ದವಡೆಯಲ್ಲೇ, ನೋವು ನುಂಗಿಕೊಂಡು ಅತ್ತೆ ಅನ್ನುತ್ತಾರೆ: "ಊರವರ ಮೂಗಿಗೆಲ್ಲ ನಿನ್ನ ಕೈ ಆಗುತ್ತೆ. ನನ್ನ ಮೂಗು ಏನು ಪಾಪ ಮಾಡಿದೆ?"

ಸೊಸೆ ಹೊದಿಕೆ ಸರಿಮಾಡಿ ಹೊರಗೆ ಬರುತ್ತಾರೆ. ಮೆಟ್ಟಿಲ ಹತ್ತಿರ ನಿಂತು, ಕಾರಣವನ್ನು ನನಗೆ ಹೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಗೆಳತಿಗೆ ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆಯಿತ್ತು. ಊಟದ ಡಬ್ಬಿ ಹಂಚಿಕೊಂಡು ತಿನ್ನುವ ಗೆಳತಿ. ಅಕ್ಕ ಅವತ್ತು ಎಲ್ಲಕ್ಕಿಂತ ಬೆಚ್ಚಗಿನ ಬಾಟಲಿ ಆರಿಸಿದರು. ಹೊತ್ತಾಯಿತು ಎಂದು ಮನಸ್ಸು ಹೇಳಿದರೂ ನಳಿಗೆಯನ್ನು ಇನ್ನೂ ಸ್ವಲ್ಪ ನೆನೆಯಲು ಬಿಟ್ಟರು. ಅದು ಬಿಸಿಲಿಗಿಟ್ಟ ಮೇಣದಬತ್ತಿಯ ಹಾಗೆ ಬಳುಕಿಹೋಯಿತು. ಮೂಗಿನ ಒಳಗೆ ಹೋಗಿ ಮಡಚಿಕೊಂಡು ಮುಂದಕ್ಕೆ ಹೋಗದೆ ನಿಂತಿತು. ಡಾಕ್ಟರಮ್ಮ ಅದನ್ನು ಹೊರಗೆಳೆದು ಬೇರೊಂದನ್ನು ಪೊಟ್ಟಣದಿಂದ ಹಾಗೇ ತೆಗೆದು ತೂರಿಸಬೇಕಾಯಿತು, ರಕ್ತ ಬಂತು. ಗೆಳತಿ ಉಳಿದರು, ಆದರೆ ಮೂಗಿಗೆ ಹತ್ತಿ ತುರುಕಿಕೊಂಡು ಮನೆಗೆ ಹೋದರು. ಹಲ್ಲುನೋವು ಹೋಯಿತಲ್ಲ, ಮೂಗಿನ ಮಾತು ಬಿಡು ಎಂದು ಆಕೆ ನಕ್ಕರಂತೆ. ಅಕ್ಕನಿಗೆ ಮಾತ್ರ ಇವತ್ತಿಗೂ ನಗು ಬಂದಿಲ್ಲ.

"ಹೊರಗಿನವರಾದ್ರೆ ಬಿಸಿ ಎಷ್ಟಿದೆ ಅಂತ ನನ್ನ ಕೈಗೆ ಸರಿಯಾಗಿ ಗೊತ್ತಾಗುತ್ತೆ. ನಮ್ಮವರು ಅಂದ್ರೆ ಎಷ್ಟಿದ್ರೂ ಸಾಲದು, ಇನ್ನೊಂಚೂರು ಬೆಚ್ಚಗಿರ್ಲಿ ಅನ್ಸುತ್ತೆ. ಅತ್ತೆ ವಿಷಯದಲ್ಲಿ ನನ್ನ ಕೈ ನಂಬಕ್ಕಾಗಲ್ಲ" ಎನ್ನುತ್ತಾರೆ. ಇದನ್ನು ಅತ್ತೆಗೇ ಹೇಳಬಹುದಲ್ಲ ಎಂದರೆ ತಲೆ ಅಡ್ಡಡ್ಡ ಆಡಿಸುತ್ತಾರೆ. ಹೆದರಿದವರ ಮುಂದೆ ನನಗೂ ಹೆದರಿಕೆ ಅಂತ ಹೇಗೆ ಹೇಳಲಿ ಎಂಬುದು ಅವರ ಪ್ರಶ್ನೆ.

ಡಾಕ್ಟರಮ್ಮ ನಿರ್ಧಾರವನ್ನು ಅಕ್ಕನಿಗೇ ಬಿಡುತ್ತಾರೆ. ಅಕ್ಕ ಮೇಷ್ಟ್ರ ಹೆಸರು ಹೇಳುತ್ತಾರೆ. ಮೇಷ್ಟ್ರು ಪಾಠ ಹೇಳುವವರಲ್ಲ, ಇನ್ನೊಬ್ಬ ಟೆಕ್ನಿಷಿಯನ್. ಕೇಳಿದ್ದಕ್ಕೂ ಕೇಳದ್ದಕ್ಕೂ ವಿವರಣೆ ಕೊಡುವುದರಿಂದ ಆ ಹೆಸರು ಬಂದಿದೆ. ಥರ್ಮಾಮೀಟರ್ ಇಲ್ಲದೆ ಆತ ನೀರು ಮುಟ್ಟುವುದಿಲ್ಲ. ನೀರಿಗೆ ಜ್ವರ ಬಂದಿದೆಯಾ ಮೇಷ್ಟ್ರೇ ಎಂದು ಅಕ್ಕ ರೇಗಿಸದ ದಿನವಿಲ್ಲ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಅದೇ ಅಕ್ಕ ಆತನ ಮುಂದೆ ನಿಂತು, ಥರ್ಮಾಮೀಟರ್ ಇಟ್ಟುಕೊಂಡಿದ್ದೀರಿ ತಾನೇ ಎಂದು ಸಣ್ಣ ದನಿಯಲ್ಲಿ ಕೇಳುತ್ತಾರೆ. ಮೇಷ್ಟ್ರು ಜೇಬು ತಟ್ಟಿ ತೋರಿಸುತ್ತಾರೆ. ಅವತ್ತು ಅವರದು ಒಂದೇ ಒಂದು ಮಾತು: "ನೋಡ್ಕೋತೀನಿ ಅಕ್ಕ."

ಅತ್ತೆಯನ್ನು ತಳ್ಳುಮಂಚದಲ್ಲಿ ಕರೆತರುತ್ತಾರೆ. ಮೊದಲೇ ಊದಿಕೊಂಡಿರುವ ಮುಖವನ್ನು ಇನ್ನಷ್ಟು ಊದಿಸಿಕೊಂಡು ಗೋಡೆಯ ಕಡೆ ತಿರುಗಿಸಿದ್ದಾರೆ. ಸೊಸೆ ಅವರ ಕೈ ಹಿಡಿಯಲು ಹೋದರೆ ಕೈ ಹೊದಿಕೆಯೊಳಗೆ ಸೇರುತ್ತದೆ. ಹಾಗೇ ಅತ್ತೆ ಒಳಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಆ ಬಾಗಿಲಿನ ಈಚೆ ಬದಿಯಲ್ಲಿ ರೋಗಿಯ ಮನೆಯವರಾಗಿ ಅಕ್ಕ ನಿಂತದ್ದು ಇದೇ ಮೊದಲು.

ರೋಗಿಗಳ ಮನೆಯವರಿಗೆಂದು ಹಾಕಿರುವ ಬೆಂಚು ಗಟ್ಟಿಯಾಗಿದೆ, ಒಂದು ಕಾಲು ಕುಂಟುತ್ತದೆ. ಅಕ್ಕ, ಅವರ ಗಂಡ, ನಾನು ಅದರ ಮೇಲೆ ಕೂರುತ್ತೇವೆ. ಗಂಡನ ಮಡಿಲಲ್ಲಿ ಅತ್ತೆಯ ಬಟ್ಟೆಯ ಚೀಲ. ಇನ್ನು ಒಂದೂವರೆ ತಿಂಗಳು ಅಮ್ಮನ ಬಾಯಿಗೆ ಬೀಗ, ಮನೆ ತಣ್ಣಗಿರುತ್ತೆ ಎಂದು ಆತ ನಗಿಸಲು ನೋಡುತ್ತಾರೆ. ಯಾರೂ ನಗುವುದಿಲ್ಲ, ಆತನೂ ನಗುವುದಿಲ್ಲ.

ಒಳಗೆ ಏನೇನು ನಡೆಯುತ್ತಿದೆ ಎಂದು ತಿಳಿಯದವರು ಪುಣ್ಯವಂತರು. ಅಕ್ಕನಿಗೆ ಪ್ರತಿಯೊಂದೂ ಗೊತ್ತು. ಈಗ ಮೂಗಿಗೆ ಹನಿ ಬಿಡ್ತಾರೆ ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಈಗ ನೀರು ಹೊಯ್ದಿರ್ತಾರೆ ಅನ್ನುತ್ತಾರೆ. ಆಮೇಲೆ ಹೇಳುವುದನ್ನೇ ನಿಲ್ಲಿಸುತ್ತಾರೆ. ಎರಡೂ ಕೈಗಳನ್ನು ತೊಡೆಗಳ ಕೆಳಗೆ ಒತ್ತಿಕೊಂಡು ಕೂರುತ್ತಾರೆ. ಆ ಕೈಗಳನ್ನು ಕೆಲಸವಿಲ್ಲದೆ ನಾನು ನೋಡಿದ್ದೂ ಅದೇ ಮೊದಲು.

ಬಾಗಿಲು ದಡಕ್ಕೆಂದು ತೆರೆದು ನರ್ಸೊಬ್ಬರು ಓಡಿ ಬರುತ್ತಾರೆ. ಅಕ್ಕ ಎದ್ದು ನಿಂತುಬಿಡುತ್ತಾರೆ. ನರ್ಸು ಕಪಾಟಿನಿಂದ ಒಂದು ಕಂಬಳಿ ಎಳೆದುಕೊಂಡು ಹಾಗೇ ಒಳಗೆ ಓಡುತ್ತಾರೆ. ಬರೀ ಕಂಬಳಿ. ಥಿಯೇಟರ್ ತಣ್ಣಗಿರುತ್ತದೆ, ವಯಸ್ಸಾದವರಿಗೆ ಹೊದಿಸಬೇಕು, ಇದನ್ನು ಅಕ್ಕನೇ ಎಷ್ಟೋ ಸಲ ಓಡಿಬಂದು ಒಯ್ದಿದ್ದಾರೆ. "ನಾವು ಹೀಗೆ ಓಡ್ತೀವಲ್ಲ, ಇಲ್ಲಿ ಕೂತವರಿಗೆ ಏನಾಗುತ್ತೆ ಅಂತ ಒಂದು ದಿನಾನೂ ಯೋಚಿಸಿರ್ಲಿಲ್ಲ" ಎಂದು ಕೂರುತ್ತಾರೆ.

ಕೊನೆಗೂ ಮೇಷ್ಟ್ರು ಬರುತ್ತಾರೆ. ಮಾಸ್ಕ್ ಇಳಿಸಿ, ಯಾವ ಅಳತೆಯ ನಳಿಗೆ, ಯಾವ ಹೊಳ್ಳೆ, ನೀರು ಎಷ್ಟು ಬೆಚ್ಚಗಿತ್ತು ಎಂದು ತಮ್ಮ ಪಾಠ ಶುರುಮಾಡುತ್ತಾರೆ. ಅಕ್ಕನಿಗೆ ಒಂದಕ್ಷರವೂ ಕಿವಿಗೆ ಬೀಳುತ್ತಿಲ್ಲ, ಬರೀ ಅವರ ತುಟಿ ನೋಡುತ್ತಿದ್ದಾರೆ. ಮೇಷ್ಟ್ರಿಗೆ ಅರ್ಥವಾಗಿ ಅರ್ಧಕ್ಕೇ ನಿಲ್ಲಿಸುತ್ತಾರೆ. "ರಕ್ತ ಬರ್ಲಿಲ್ಲ ಅಕ್ಕ. ಒಂದು ಹನೀನೂ ಇಲ್ಲ. ನಳಿಗೆ ಸರಿಯಾಗಿ ಕೂತಿದೆ. ಇನ್ನು ಮೂಳೆ ಕೆಲಸ ಒಂದೇ."

ಅಕ್ಕ ತಲೆಯ ಟೋಪಿ ಕಿತ್ತು ಮುಖಕ್ಕೆ ಒತ್ತಿಕೊಂಡು ಅಳುತ್ತಾರೆ. ಸದ್ದು ಮಾಡಿಯೇ ಅಳುತ್ತಾರೆ. ಗಂಡ ಗಾಬರಿಯಾಗಿ ಬಟ್ಟೆಯ ಚೀಲವನ್ನೇ ಆಕೆಯ ಕೈಗೆ ಕೊಡುತ್ತಾರೆ, ಇನ್ನೇನು ಕೊಡುವುದೆಂದು ತಿಳಿಯದೆ. ಮದುವೆಯಾದಾಗಿನಿಂದ ಇವಳು ಹೀಗೆ ಅತ್ತದ್ದು ನೋಡಿಲ್ಲ ಎಂದು ಆಮೇಲೆ ನನಗೆ ಹೇಳುತ್ತಾರೆ.

ಮಧ್ಯಾಹ್ನ ಅತ್ತೆಗೆ ಎಚ್ಚರವಾಗುತ್ತದೆ. ಹಲ್ಲಿಗೆ ಹಲ್ಲು ಕಟ್ಟಿದೆ, ತುಟಿ ದಪ್ಪಗಾಗಿದೆ. ಮೂಗು ಒಣಗಿದೆ, ಶುದ್ಧವಾಗಿದೆ. ಮಾತಾಡಬೇಡಿ ಎಂದು ನರ್ಸು ಹೇಳಿ ಅತ್ತ ಹೋಗುತ್ತಿದ್ದಂತೆ ಅತ್ತೆ ಕಟ್ಟಿದ ಹಲ್ಲಿನ ಸಂದಿಯಿಂದಲೇ ಮಾತು ತೆಗೆಯುತ್ತಾರೆ. ಒಂದೊಂದೇ ಪದ ಸೋಸಿಕೊಂಡು ಬರುತ್ತದೆ.

"ಒಳಗೆ ಬರ್ಲಿಲ್ಲ ಅಲ್ವಾ ನೀನು."

"ಇಲ್ಲ ಅತ್ತೆ. ಆಚೆ ಬೆಂಚಲ್ಲಿ ಕೂತಿದ್ದೆ."

"ಕೂತು ಏನು ಮಾಡ್ತಿದ್ದೆ?"

ಸೊಸೆ ಬೇರೆ ಏನಾದರೂ ಹೇಳಬಹುದಿತ್ತು. ನರ್ಸು ಬಂದು ತಡೆಯಲಿ ಎಂಬಂತೆ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. "ಹೆದರ್ಕೊಂಡು ಕೂತಿದ್ದೆ" ಅನ್ನುತ್ತಾರೆ. "ನಿಮ್ಮ ನಳಿಗೆ ಕಾಯಿಸೋಕೆ ನನಗೆ ಹೆದರಿಕೆ ಆಯ್ತು. ಅದಕ್ಕೇ ಬರ್ಲಿಲ್ಲ."

ಅತ್ತೆ ಸೊಸೆಯ ಮುಖ ನೋಡುತ್ತಾರೆ. ಅತ್ತು ಕೆಂಪಾದ ಕಣ್ಣು ಅವರಿಗೆ ಕಾಣದೆ ಇರುವುದಿಲ್ಲ. ಬೆಳಿಗ್ಗೆ ಹೊದಿಕೆಯೊಳಗೆ ಸೇರಿದ್ದ ಕೈ ಈಗ ಹೊರಗೆ ಬಂದು, ಸೂಜಿ ಚುಚ್ಚಿದ ಕಡೆ ನೋವಾದರೂ, ಸೊಸೆಯ ಬೆರಳುಗಳನ್ನು ಹಿಡಿದುಕೊಳ್ಳುತ್ತದೆ. ನಾನು ಪೆನ್ನು ಜೇಬಿಗೆ ಸೇರಿಸಿ ಕಿಟಕಿಯ ಕಡೆ ಹೋಗುತ್ತೇನೆ.

ಮೇಷ್ಟ್ರು ಬಾಗಿಲಲ್ಲಿ ಇಣುಕುತ್ತಾರೆ. ಇನ್ನೊಂದು ದವಡೆ ಬಂದಿದೆ, ಬೈಕಿನಿಂದ ಬಿದ್ದ ಹೆಂಗಸು, ಡಾಕ್ಟರಮ್ಮ ತಯಾರಿದ್ದಾರೆ. ಅಕ್ಕನಿಗೆ ಆಗದಿದ್ದರೆ ತಾವೇ ನೋಡಿಕೊಳ್ಳುವುದಾಗಿ ಹೇಳುತ್ತಾರೆ. ಅಕ್ಕ ಎದ್ದವರು ಮತ್ತೆ ಕೂರುತ್ತಾರೆ, ಅತ್ತೆಯ ಹಿಡಿತ ಬಿಡಿಸಿಕೊಳ್ಳಲು ಮನಸ್ಸು ಬಾರದೆ.

ಅತ್ತೆಯೇ ಕೈ ಬಿಡುತ್ತಾರೆ.

"ಹೋಗು" ಅನ್ನುತ್ತಾರೆ, ತಂತಿ ಕಟ್ಟಿದ ಹಲ್ಲುಗಳ ನಡುವಿನಿಂದ. "ಅವಳ ಮನೆಯವರೂ ಆಚೆ ಹೆದರ್ಕೊಂಡು ಕೂತಿರ್ತಾರೆ."