ಎಮ್ಮೆಗೆ ಹೇಳಿದ ಮಾತು

ಬಂದ್ ದಿನ ಜಹೀರಾಬಾದಿನ ಶಾಲೆಗೆ ಹೋಗಲು ಜೀಪು ಸಿಗುತ್ತಿರಲಿಲ್ಲ. ತೆಲಂಗಾಣ ಚಳವಳಿಯ ಆ ವರ್ಷಗಳಲ್ಲಿ ಬಂದ್‌ಗೇನು ಬರವೇ? ನ್ಯಾಲ್ಕಲ್ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನೂ ತಂಗಿಯೂ ಕೂತು ಒಂದು ಭಾಷೆ ಹುಟ್ಟಿಸಿದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಸಾಲದೆಂದು ನಾಲ್ಕನೆಯದು. ಸೊಕ್ಕು ಅಂದರೆ ಅದು.

ಅದರಲ್ಲಿ ‘ಹೇಳಿದಳು’ ಅಂದರೆ ಸಾಕಾಗುತ್ತಿರಲಿಲ್ಲ. ಯಾರ ಮುಖ ನೋಡಿ ಹೇಳಿದಳೋ ಅವರ ಹೆಸರಿಗೆ ‘ಝಿ’ ಹಚ್ಚಬೇಕು, ಯಾರ ಕಿವಿಗೆ ಬೀಳಲೆಂದು ಹೇಳಿದಳೋ ಅವರಿಗೆ ‘ಲೊ’. ಇದಕ್ಕೆ ಕಾರಣ ಅವ್ವ. ಅವಳು ಅಪ್ಪನೊಡನೆ ನೇರ ಮಾತಾಡಿದ್ದನ್ನು ನಾವು ಕಂಡೇ ಇರಲಿಲ್ಲ. ಹಿರಿಯರಿಂದ ಬಂದ ರೂಢಿ. ಹೇಳುವುದೆಲ್ಲ ಎಮ್ಮೆಗೆ.

“ಎಮ್ಮಿ, ರೊಟ್ಟಿ ಆರಾಕತ್ಯಾವ. ಉಣ್ಣೋರು ಏಳಬೇಕ.”

ಅಪ್ಪ ಎದ್ದು ಕೈ ತೊಳೆಯುತ್ತಿದ್ದ. ನಾವು ನೋಟ್‌ಬುಕ್ಕಿನಲ್ಲಿ ‘ಎಮ್ಮೆಝಿ, ಅಪ್ಪಲೊ’ ಎಂದು ಬರೆದು ಹೊಟ್ಟೆ ಹಿಡಿದು ನಗುತ್ತಿದ್ದೆವು. ಎಂಥ ಸುಖದ ದಿನಗಳು!

ಹತ್ತನೇ ತರಗತಿ ಪಾಸಾಯಿತು. ತಾಂಡೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜು ಓದಬೇಕೆಂಬುದು ನನ್ನ ಜೀವದ ಆಸೆ. ಅರ್ಜಿಗೆ ಅಪ್ಪನ ಸಹಿ ಬೇಕು.

“ದಿನಾ ಬಂದ್, ಬಸ್ಸಿಲ್ಲ. ಆಕಿ ಅಲ್ಲೇ ಸಿಕ್ಕೊಂಡ್ರ? ಕಲ್ತಿದ್ದು ಸಾಕು,” ಅಂದ ಅಪ್ಪ.

ಅವ್ವ ಮೂರು ದಿನ ಎಮ್ಮೆಗೆ ಹೇಳಿದಳು. ರೊಟ್ಟಿಯ ಮಾತಾದರೆ ಕೇಳಿಸಿಕೊಳ್ಳುತ್ತಿದ್ದ ಅಪ್ಪನಿಗೆ ಈಗ ಕಿವುಡು. ಕೋಣನ ಮುಂದೆ ಕಿನ್ನರಿ ಅನ್ನುತ್ತಾರಲ್ಲ, ಹಾಗೆ. ಪಾಪ, ನಮ್ಮ ಎಮ್ಮೆಯಾದರೂ ತಲೆಯೆತ್ತಿ ಕೇಳುತ್ತಿತ್ತು. ನಾನು ಅಪ್ಪನ ಮೇಲೆ ಕುದಿಯುತ್ತಿದ್ದೆ.

ಅರ್ಜಿ ಕೊಡುವ ಕೊನೆಯ ದಿನ ಬೆಳಿಗ್ಗೆ ಅವ್ವ ಹಾಲಿನ ಚರಿಗೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಅಪ್ಪನ ಎದುರಿಗೆ ಬಂದು ನಿಂತಳು.

“ನಿಮಗೇ ಹೇಳಾಕತ್ತೀನಿ. ಆಕೀನ ಕಳಸ್ರಿ.”

ಅಪ್ಪ ರೂಢಿಯಂತೆ ಎಮ್ಮೆಯ ಕಡೆ ನೋಡಿದ. ಅದು ಮೇವು ಮೆಲ್ಲುತ್ತಿತ್ತು. ಆಮೇಲೆ ನನ್ನ ಹತ್ತಿರ ಪೆನ್ನು ಕೇಳಿದ.

ಮಧ್ಯಾಹ್ನ ತಂಗಿ ಅವ್ವನ ಆ ಮಾತನ್ನು ಬರೆಯಲು ನೋಟ್‌ಬುಕ್ ತೆಗೆದಳು. ‘ಅಪ್ಪಝಿ’ ಎಂದು ಅದುವರೆಗೆ ನಾವು ಒಮ್ಮೆಯೂ ಬರೆದಿರಲಿಲ್ಲ. ಇಬ್ಬರಿಗೂ ನಗು ಬರಲಿಲ್ಲ.

ನಾನು ತಾಂಡೂರಿಗೆ ಹೊರಟ ದಿನ ಅವ್ವ ಬುತ್ತಿ ಗಂಟನ್ನು ನನ್ನ ಕೈಗಿಟ್ಟು ಮುಖ ತಿರುಗಿಸಿಕೊಂಡಳು. ಎಮ್ಮೆಯ ಬೆನ್ನು ಸವರುತ್ತ ನಿಂತಳು.

“ಎಮ್ಮಿ, ಹೋಗಾಕಿಗಿ ಹೇಳು. ದೀಪಾವಳಿಗರೆ ಬಾ ಅಂತ.”

ಅವಳ ಮುಖ ನೋಡಿದ್ದರೆ ಜೀಪು ಹತ್ತುತ್ತಿರಲಿಲ್ಲ. ನಾನೂ ಎಮ್ಮೆಯ ಕಡೆಗೇ ತಿರುಗಿ, “ಬರ್ತೀನಂತ ಹೇಳು,” ಅಂದೆ.