ಶೆಟ್ಟೆವ್ವನ ಹುಲ್ಲು, ಹಣಮಂತಪ್ಪನ ರುಮಾಲು

ಕೋಳಿ ಇನ್ನೂ ಕೂಗಿ ಮುಗಿಸಿಲ್ಲ. ಶೆಟ್ಟೆವ್ವ ಆಗಲೇ ಬೋಳಗುಡ್ಡದ ಅರ್ಧ ಏರಿದ್ದಾಳೆ. ಸೀರೆಯನ್ನು ಮೇಲೆತ್ತಿ ಬಿಗಿದು, ಉಡಿಯಲ್ಲಿ ಬೀಜ ತುಂಬಿಕೊಂಡು, ಇಳಿಜಾರಿಗೆ ಅಡ್ಡಡ್ಡ ನಡೆಯುತ್ತಾಳೆ. ಹುಲ್ಲು ತೆಳುವಾದ ಜಾಗ ಕಂಡಲ್ಲಿ ನಿಂತು ಒಂದು ಹಿಡಿ ಉದುರಿಸುತ್ತಾಳೆ, ಅಂಗಾಲಿನಿಂದ ಒತ್ತಿ ತುಳಿಯುತ್ತಾಳೆ, ಮುಂದೆ ಹೋಗುತ್ತಾಳೆ. ಬೀಜದಲ್ಲಿ ಅಂಜನ ಹುಲ್ಲಿನದೂ ಇದೆ, ಹುರುಳಿಯೂ ಇದೆ. ಇರುವೆ ಹೊತ್ತೊಯ್ಯಬಾರದೆಂದು ಒಲೆಯ ಬೂದಿ ಕಲೆಸಿದ್ದಾಳೆ.

"ಲಗೂ ಲಗೂ ಬರ್ರಿ ಅಣ್ಣಾರ, ಹಿಂಗ ಹತ್ತಿದ್ರ ಸಂಜಿ ಆಗತೈತಿ!" ಎಂದು ಮೇಲಿನಿಂದ ನನ್ನನ್ನು ಗದರುತ್ತಾಳೆ. ನಾನು ಏದುಸಿರು ಬಿಡುತ್ತ ಹತ್ತುತ್ತೇನೆ. ಅವಳು ಮೋಡದ ಕಡೆ ಕೈ ಮಾಡುತ್ತಾಳೆ. "ಮಿರಗದ ಮಳಿ ಇವತ್ತ ಬರತೈತಿ ನೋಡ್ರಿ. ಇವತ್ತ ನನ್ನ ಪರೀಕ್ಷಾ."

ಪರೀಕ್ಷೆಯೆಂದರೆ ಖರೇನೇ ಪರೀಕ್ಷೆ. ಸವದತ್ತಿ ತಾಲ್ಲೂಕಿನಲ್ಲಿ, ಚಚಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ ಈ ಗಿಡ್ನಾಳ. ಬೋಳಗುಡ್ಡದ ಬುಡದಲ್ಲಿ ಒಂದು ಮೆಟ್ಟಿಲು ಬಾವಿ. ಅದರ ಸೆಲೆ ಸಣ್ಣದು, ಗುಡ್ಡದಿಂದ ಇಳಿದು ಬರುವ ಮಳೆನೀರೇ ಅದಕ್ಕೆ ಆಸರೆ. ನೀರಿನ ಜೊತೆ ಗುಡ್ಡದ ಕೆಂಪು ಮಣ್ಣೂ ಇಳಿಯುತ್ತದೆ. ಇದು ಶೆಟ್ಟೆವ್ವನ ಓಣಿಯವರ ಬಾವಿ. ಊರ ಬಾವಿ ಆಚೆ ಕಡೆ, ದಿಬ್ಬದ ಮೇಲೆ, ಕಲ್ಲಿನ ಕಟ್ಟೆ ಕಟ್ಟಿಸಿಕೊಂಡು ತಣ್ಣಗಿದೆ. ಒಂದೇ ಊರಿಗೆ ಎರಡು ಬಾವಿ ಏಕೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೇಳಲು ಕೂತರೆ ನನ್ನ ಬಾಯಿಂದ ಅಚ್ಚು ಹಾಕಲಾಗದ ಮಾತು ಬರುತ್ತವೆ.

ಪ್ರತಿ ಮಳೆಯ ನಂತರ ಓಣಿಯ ಹೆಂಗಸರು ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸುತ್ತಿದ್ದರು. ಪ್ರತಿ ಬೇಸಿಗೆಯಲ್ಲಿ ಗಂಡಸರು ಮೆಟ್ಟಿಲು ಮುಗಿದಲ್ಲಿಂದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಹೂಳು ತೆಗೆಯುತ್ತಿದ್ದರು. ಶೆಟ್ಟೆವ್ವನ ಗಂಡ ಕಾಡಪ್ಪ ಹಾಗೆ ಇಳಿದಾಗಲೇ ಪಕ್ಕದ ಕಲ್ಲು ಕಳಚಿ ಅವನ ಸೊಂಟದ ಮೇಲೆ ಬಿತ್ತು. ಅಂದಿನಿಂದ ಅವನು ಬಾಗಿಲ ಮುಂದೆ ಕೂತು ಹಗ್ಗ ಹೊಸೆಯುತ್ತಾನೆ. ಸೊಂಟ ಹೋದರೂ ನಾಲಿಗೆ ಹೋಗಿಲ್ಲ. "ನನ್ನ ಹೇಣ್ತಿ ನನಗ ಒಂದ್ ಅಂಗಿ ಹೊಲಿಸಲಿಲ್ರಿ, ಗುಡ್ಡಕ್ಕ ಹೊದಿಸಾಕ ಹೋಗ್ಯಾಳ," ಎನ್ನುತ್ತಾನೆ.

ಬರ ಬಿದ್ದ ವರ್ಷ ಗುಡ್ಡದ ಬುಡದಲ್ಲಿ ಒಡ್ಡು ಹಾಕುವ ಕಾಮಗಾರಿ ನಡೆಯಿತು. ಅದರ ಉಸ್ತುವಾರಿಗೆ ಬಂದಿದ್ದ ನೀಲಕಂಠರಾಯರು, ಬರೇ ಒಡ್ಡಿನಿಂದ ಮಣ್ಣು ನಿಲ್ಲುವುದಿಲ್ಲ, ಮೇಲೆ ಬೇರು ಇಳಿಯಬೇಕು ಎಂದು ಹೇಳಿ, ಹೋಗುವಾಗ ಶೆಟ್ಟೆವ್ವನ ಓಣಿಯವರಿಗೆ ಒಂದು ಚೀಲ ಹುಲ್ಲಿನ ಬೀಜ ಕೊಟ್ಟು ಹೋದರು. ಹುರುಳಿ ಬೇಗ ಹಬ್ಬಿ ನೆಲ ಮುಚ್ಚಬೇಕು, ಅದರ ನೆರಳಲ್ಲಿ ಹುಲ್ಲು ಬೇರು ಬಿಡಬೇಕು, ಇದು ಲೆಕ್ಕ.

ಗಿಡ್ನಾಳದವರು ಹುಟ್ಟಾ ಜೋಳ ಬಿತ್ತಿದ ಜನ. ಬೀಜವೆಂದರೆ ಆಳಕ್ಕೆ ಹೋಗಬೇಕು, ಹಸಿ ಮಣ್ಣು ಮುಟ್ಟಬೇಕು ಎಂಬುದು ಅವರ ಕೈಗೇ ಗೊತ್ತು. ಶೆಟ್ಟೆವ್ವನ ಕೈಯೂ ಅದೇ ಕೈ. ಆದ್ದರಿಂದ ಎತ್ತು ಏರುವಷ್ಟು ಜಾಗದಲ್ಲಿ ಬಿತ್ತುವ ಕುರಿಗಿ ಹೂಡಿ, ಎತ್ತು ಏರದ ಕಡೆ ಕಳೆ ತೆಗೆಯುವ ಕುರ್ಚಗಿಯಿಂದ ಗೆರೆ ಕೊರೆದು, ಬೆರಳುದ್ದ ಆಳದಲ್ಲಿ ಹುಲ್ಲಿನ ಬೀಜ ಹೂತಿಟ್ಟರು. ಹುರುಳಿ ಎದ್ದಿತು. ಹುಲ್ಲು ಮಾತ್ರ ಒಂದು ಎಸಳೂ ಏಳಲಿಲ್ಲ. ಹುರುಳಿ ಒಣಗಿದ ಮೇಲೆ ಗುಡ್ಡ ಮತ್ತೆ ಬೋಳು. ಊರು ಬಿದ್ದು ಬಿದ್ದು ನಕ್ಕಿತು.

"ನಂಗ ಅಳು ಬಂದಿತ್ರಿ," ಎನ್ನುತ್ತಾಳೆ ಶೆಟ್ಟೆವ್ವ. "ಮರು ವರ್ಷ ಹುರಳಿ ಹಾಕಾಕಂತ ಹೋದೆ. ಜಾಲಿ ಗಿಡದ ಬುಡಕ ನೋಡ್ತೇನಿ, ದಟ್ಟಂಗ ಹುಲ್ಲು! ನಾ ಬುತ್ತಿ ಬಿಚ್ಚಿ ಉಣ್ಣಾಕ ಕುಂದ್ರೂ ಜಾಗಾ ಅದು. ಈ ಬೀಜಕ್ಕ ಮುಳ್ಳಿನಂಥಾ ಕೂದಲಾ ಇರತಾವು, ಸೀರಿಗಿ ಅಂಟತಾವು. ಉಂಡಾದ ಮ್ಯಾಲ ಕುಂತು ಕಿತ್ತು ಕಿತ್ತು ಒಗೀತಿದ್ದೆ. ಹೂತಿದ್ದು ಸತ್ತಿತ್ರಿ, ಒಗದದ್ದು ಬದುಕಿತ್ತು!"

ಅಂದಿನಿಂದ ಕುರಿಗಿ ಅಟ್ಟಕ್ಕೇರಿದೆ. ಉದುರಿಸುವುದು, ತುಳಿಯುವುದು, ಇಷ್ಟೇ ಕೆಲಸ. ಬೆಳಗ್ಗೆ ಗುಡ್ಡ, ಮಧ್ಯಾಹ್ನ ಪರರ ಹೊಲದಲ್ಲಿ ಕಳೆ, ಸಂಜೆ ಮತ್ತೆ ಗುಡ್ಡ. ತೆನೆ ಒಣಗಿದಾಗ ಬೀಜವನ್ನು ಅವಳೇ ಉಡಿಗೆ ಉದುರಿಸಿಕೊಳ್ಳುತ್ತಾಳೆ. ಇದಕ್ಕೆ ಅವಳಿಗೆ ಯಾರೂ ಕೂಲಿ ಕೊಡುವುದಿಲ್ಲ. ನಮ್ಮ ಜನ ಎತ್ತಿನ ಗಾಡಿ ಕಟ್ಟಿಕೊಂಡು, ಬಸ್ಸು ಹತ್ತಿಕೊಂಡು ಮಲಪ್ರಭೆಯ ಅಣೆಕಟ್ಟು ನೋಡಲು ಹೋಗುತ್ತಾರೆ, ಬಾಯಿ ತೆರೆದು ನಿಲ್ಲುತ್ತಾರೆ. ನೋಡಲಿ, ಬೇಡವೆನ್ನುವುದಿಲ್ಲ. ಆದರೆ ಆ ಕಟ್ಟೆಯೊಳಗೆ ಹೋಗಿ ಕೂರುವ ಹೂಳು ಯಾವ ಗುಡ್ಡದ್ದು ಎಂದು ಒಬ್ಬ ಮಗನಾದರೂ ಹೊರಳಿ ನೋಡಬೇಡವೇ?

ಗುಡ್ಡ ಹಸಿರಾದದ್ದೇ ತಡ, ಕುರಿ ಬಂದವು. ಕುರಿಗಾರ ಹಣಮಂತಪ್ಪ ಕೆಟ್ಟವನಲ್ಲ, ಗಟ್ಟಿ ಗಂಟಲಿನವನು. ಗುಡ್ಡ ಅವನ ಅಜ್ಜನ ಕಾಲದಿಂದ ಕುರಿ ಮೇದ ಗುಡ್ಡ. ಶೆಟ್ಟೆವ್ವ ಅಡ್ಡ ನಿಂತಳು. ಜಗಳ ಪಂಚಾಯತಿ ಕಟ್ಟೆ ಹತ್ತಿತು. ಕುರಿಗಳಿಗೆ ಗುಡ್ಡ ದಾಟಲು ಒಂದು ಹಾದಿ ಬಿಟ್ಟು, ಉಳಿದದ್ದನ್ನು ಈ ವರ್ಷದ ಮೊದಲ ದೊಡ್ಡ ಮಳೆಯವರೆಗೆ ಮೇವಿಗೆ ಮುಚ್ಚಬೇಕೆಂದು ಹಿರಿಯರು ತೀರ್ಮಾನ ಕೊಟ್ಟರು. ಮಳೆ ಬಂದಾಗ ಹುಲ್ಲು ಮಣ್ಣು ಹಿಡಿಯದಿದ್ದರೆ ಗುಡ್ಡ ಮತ್ತೆ ಕುರಿಗೆ. ಹಣಮಂತಪ್ಪ ತಲೆಯ ರುಮಾಲು ಮುಟ್ಟಿ, "ಬಾವಿಗಿ ಬೀಳೂ ನೀರಿಗಿ ಈ ರುಮಾಲ ಹಿಡೀತೇನಿ. ಕೆಂಪಾಗಲಿಲ್ಲಂದ್ರ ಆ ಗುಡ್ಡ ನಾನಽ ಕಾಯ್ತೇನಿ," ಎಂದು ಸಭೆಯಲ್ಲಿ ಗುಡುಗಿದ್ದನಂತೆ.

ಮಧ್ಯಾಹ್ನ ಮೋಡ ಒಡೆಯುತ್ತದೆ. ಎಂಥ ಮಳೆ! ಎದುರಿಗಿನ ಮನುಷ್ಯ ಕಾಣುವುದಿಲ್ಲ. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಊರಿಗೆ ಊರೇ ಬಾವಿಯ ಕಡೆ ಓಡುತ್ತದೆ. ಕಾಡಪ್ಪನನ್ನು ಇಬ್ಬರು ಹೊತ್ತು ತರುತ್ತಾರೆ. ಹಣಮಂತಪ್ಪ ರುಮಾಲು ಬಿಚ್ಚುತ್ತಾನೆ. ಹಾಲಿನಂಥ ಬಿಳುಪು, ಇವತ್ತಿಗೆಂದೇ ಒಗೆಸಿದ್ದಾನೆ. ನೀರು ಬಾವಿಗೆ ಧುಮುಕುವ ಕಲ್ಲಿನ ಅಂಚಿನಲ್ಲಿ ಒಂದು ಕೊನೆ ತಾನು ಹಿಡಿದು, ಇನ್ನೊಂದನ್ನು ನನ್ನ ಕೈಗೆ ತುರುಕುತ್ತಾನೆ.

ಮೊದಲ ನೀರು ಬರುತ್ತದೆ. ಕಡುಕೆಂಪು. ರುಮಾಲಿನ ಒಂದು ಅಂಚು ಕುಂಕುಮ ಚೆಲ್ಲಿದಂತಾಗುತ್ತದೆ.

"ನೋಡಿದ್ಯಾ ತಂಗಿ? ನಿನ್ನ ಹುಲ್ಲಿನ ಬಣ್ಣಾ ನೋಡಿದ್ಯಾ?" ಹಣಮಂತಪ್ಪ ಕೂಗುತ್ತಾನೆ.

ಶೆಟ್ಟೆವ್ವ ಬಾವಿಯ ಕಡೆ ನೋಡುತ್ತಲೇ ಇಲ್ಲ. ಅವಳ ಕಣ್ಣು ಗುಡ್ಡದ ಮೇಲಿದೆ. "ಅಲ್ಲಿ ನೋಡ್ರಿ ಹಣಮಂತಣ್ಣಾರ! ಅದು ಎಲ್ಲಿಂದ ಇಳ್ಯಾಕ ಹತ್ತೈತಿ ನೋಡ್ರಿ!"

ಮಳೆ ಕೊಂಚ ತೆಳುವಾಗಿದೆ, ಎಲ್ಲರೂ ತಲೆ ಎತ್ತುತ್ತೇವೆ. ಹಸಿರು ಗುಡ್ಡದ ನಡುವೆ ಒಂದೇ ಒಂದು ಕೆಂಪು ಗೆರೆ. ಕುರಿಗಳಿಗೆಂದು ಬಿಟ್ಟ ಹಾದಿ! ಕೆಂಪು ನೀರು ಅದರಲ್ಲೇ ಸುತ್ತಿ ಸುತ್ತಿ ಇಳಿದು ಬರುತ್ತಿದೆ. ಅದರ ಹಿಂದೆ, ಅಗಲವಾಗಿ, ಅವಸರವಿಲ್ಲದೆ, ಹುಲ್ಲಿನ ಬುಡದಿಂದ ಸೋಸಿದ ನೀರು ಬಂದು ಕಲ್ಲು ಮುಟ್ಟುತ್ತದೆ. ಹಾಲು ಹಾಕದ ಚಹಾದ ಬಣ್ಣ. ರುಮಾಲಿನ ಮೇಲೆ ನಾಲ್ಕು ಹುಲ್ಲುಕಡ್ಡಿ, ಒಂದಿಷ್ಟು ಮರಳು, ಒಂದು ಹುರುಳಿ ಎಲೆ. ಅಷ್ಟೇ!

ಓಣಿಯ ಹೆಂಗಸರು ಕೇಕೆ ಹಾಕುತ್ತಾರೆ. ನಾನೂ ಹಾಕುತ್ತೇನೆ, ನಾಚಿಕೆ ಏಕೆ?

ಹಣಮಂತಪ್ಪ ರುಮಾಲನ್ನು ಬೆರಳಿಂದ ತಿಕ್ಕಿ ನೋಡುತ್ತಾನೆ. ಆಮೇಲೆ ಬಾಗಿ, ಬೀಳುವ ನೀರಿಗೆ ಬೊಗಸೆ ಒಡ್ಡಿ, ಗಟಗಟ ಕುಡಿಯುತ್ತಾನೆ. ಈ ಬಾವಿಯ ನೆರಳು ತುಳಿಯದ ಮನೆತನದವನು.

ಕಾಡಪ್ಪನೇ ಬಾಯಿ ಬಿಡುತ್ತಾನೆ. "ಕುಡದಽ ಬಿಟ್ರಲ್ಲರಿ! ಮನ್ಯಾಗ ಏನ ಹೇಳ್ತೀರಿ?"

"ಮಳಿ ನೀರ ಕುಡದೆ ಅಂತೇನಿ. ಸುಳ್ಳೇನ?" ಎಂದು ಹಣಮಂತಪ್ಪ ಅರ್ಧ ಕೆಂಪು ರುಮಾಲನ್ನು ಹಿಂಡಿ ಹಾಗೇ ತಲೆಗೆ ಸುತ್ತಿಕೊಳ್ಳುತ್ತಾನೆ. ಶೆಟ್ಟೆವ್ವನ ಕಡೆ ತಿರುಗುತ್ತಾನೆ. "ಆ ಹಾದೀನೂ ಬಿಟ್ಟ ಕೊಡತೇನಿ. ಕುರಿ ಆಚಿಗಿಂದ ಹೊಡೀತೇನಿ. ಗುಡ್ಡಾ ಕಾಯೂದೂ ನಂದು."

"ಹಾದಿ ಬಿಟ್ರ ಸಾಲದ್ರಿ. ನಾ ಅದಕ್ಕ ಬೀಜಾ ಉದರಸತೇನಿ, ನಿಮ್ಮ ಕುರಿ ಒಮ್ಮಿ ತುಳದ ಹೋಗ್ಲಿ. ನನ್ನ ಒಬ್ಬಾಕಿ ಕಾಲಿಗಿ ಎಷ್ಟಂತ ಆಗತೈತಿ?"

"ನನ್ನ ಕುರಿಗಿ ಕೆಲಸಾ ಹಚ್ಚತಾಳಲ್ಲೋ!" ಎಂದು ಅವನು ನಗುತ್ತಾನೆ, ಊರೂ ನಗುತ್ತದೆ. ಈ ಸಲದ ನಗೆ ಬೇರೆ.

ಮಳೆ ಜಿಟಿಜಿಟಿಗೆ ಇಳಿದಾಗ ಶೆಟ್ಟೆವ್ವ ಉಡಿ ಬಿಚ್ಚಿ ನೋಡುತ್ತಾಳೆ. ಬೆಳಗಿನ ಬೀಜ ಇನ್ನೂ ಎರಡು ಹಿಡಿ ಇದೆ. ಮತ್ತೇನು ಬೇಕವ್ವಾ ನಿನಗೆ ಎಂದು ಕೇಳುತ್ತೇನೆ. ಅವಳು ಗುಡ್ಡ ನೋಡುವುದಿಲ್ಲ, ಮೆಟ್ಟಿಲ ಮೇಲೆ ಕೂರಿಸಿದ ಗಂಡನನ್ನು ನೋಡುತ್ತಾಳೆ.

"ಅಂವಾ ಹೊಸೆದ ಹಗ್ಗಾ ಎತ್ತಿಗಿ ಹೋಗ್ಲಿ, ನೀರ ಸೇದೂ ಮಗಿಗಿ ಹೋಗ್ಲಿ, ಕೂಸಿನ ತೊಟ್ಟಲಕ್ಕ ಹೋಗ್ಲಿ. ಅದನ್ನ ಸೊಂಟಕ್ಕ ಕಟಗೊಂಡು ಇನ್ನ ಯಾರೂ ಈ ಬಾವಿಗಿ ಇಳಿಬಾರದ್ರಿ. ಅಷ್ಟಽ."

ಇಷ್ಟು ಹೇಳಿ ಅವಳು ಕುರಿ ಹಾದಿ ಹಿಡಿದು ಮತ್ತೆ ಗುಡ್ಡ ಹತ್ತುತ್ತಾಳೆ. ಎರಡು ಹಿಡಿ ಬೀಜ ಉಳಿದಿದೆಯಲ್ಲ.